ವಿಶಾಖಪಟ್ಟಣಕ್ಕೆ ಮಾತು ಕಲಿಯಲು ಹೋದದ್ದು

ಬೆಜವಾಡದ ನಿಲ್ದಾಣಕ್ಕೆ ಆ ಬೆಳಿಗ್ಗೆ ಗಾಡಿ ತಡವಾಗಿ ಬಂತು. ಮೇ ತಿಂಗಳು. ಏಳು ಗಂಟೆಗೇ ಪ್ಲಾಟ್‌ಫಾರಂನ ಕಲ್ಲುಬೆಂಚು ಬಿಸಿಯಾಗಿತ್ತು. ನಾವು ಮೂವರು ಒಂದೇ ಬ್ಯಾಂಕಿನ ಬೆಜವಾಡ ಶಾಖೆಯವರು, ಮೂವರೂ ಕರ್ನಾಟಕದಿಂದ ವರ್ಗವಾಗಿ ಬಂದವರು. ಮ್ಯಾನೇಜರ್ ಬಸವರಾಜ ದೇಸಾಯಿ ಗದಗಿನ ಕಡೆಯವರು. ಅವರ ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಸಾಲದ ವಿಭಾಗ ನೋಡುತ್ತಿದ್ದ ನಾಗರಾಜು ಮದ್ದೂರಿನವರು. ನಾನು ಚಿತ್ರದುರ್ಗದವಳು, ಠೇವಣಿಯ ವಿಭಾಗದಲ್ಲಿದ್ದೆ. ವಿಶಾಖಪಟ್ಟಣದಲ್ಲಿ ಐದು ದಿನದ ತರಬೇತಿಗೆ ನಮ್ಮನ್ನು ಕಳಿಸಿದ್ದರು. ಜೊತೆಯವರೊಡನೆ ಮನಬಿಚ್ಚಿ ಮಾತಾಡುವುದನ್ನು, ಅವರ ಮಾತನ್ನು ಕೇಳಿಸಿಕೊಳ್ಳುವುದನ್ನು ಕಲಿಸುವ ತರಬೇತಿ. ಪಾಠ, ಪರೀಕ್ಷೆ ಇರುವುದಿಲ್ಲ, ಗುಂಪಿನಲ್ಲಿ ಕೂತು ಅನುಭವದಿಂದಲೇ ಕಲಿಯಬೇಕು ಎಂದು ಸುತ್ತೋಲೆ ಹೇಳಿತ್ತು.

"ನಮಗ ಮಾತಾಡೂದು ಕಲಸ್ತಾರಂತ್ರಿ," ಎಂದರು ದೇಸಾಯಿ, ಹಾಸಿಗೆ ಸುತ್ತಿದ ತಮ್ಮ ಹೋಲ್ಡಾಲಿನ ಮೇಲೆ ಕೂತು. "ಮೂವತ್ತು ವರ್ಷ ಗಿರಾಕಿ ಜೋಡಿ ಒದರಿ ಒದರಿ ಗಂಟಲ ಹರದೈತಿ. ಸುಮ್ಮನಿರೂದು ಕಲಿಸಿದ್ರ ನಮ್ಮ ಮನಿಯಾಕಿಗಾದ್ರೂ ಉಪಕಾರ ಆಗ್ತಿತ್ತು."

ನಾಗರಾಜು ನಕ್ಕರು. ಆ ಮಾತಿಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಕ್ಕರು.

ಗಾಡಿಯಲ್ಲಿ ಮೂವರಿಗೂ ಎರಡನೆಯ ದರ್ಜೆಯಲ್ಲಿ ಸೀಟು ಸಿಕ್ಕಿತು. ವಿಶಾಖಪಟ್ಟಣಕ್ಕೆ ಹೆಚ್ಚು ಕಡಿಮೆ ಮುನ್ನೂರೈವತ್ತು ಕಿಲೋಮೀಟರು. ಏಲೂರು ದಾಟುವಷ್ಟರಲ್ಲಿ ಕಿಟಕಿಯ ಸರಳು ಮುಟ್ಟಲಾಗದಷ್ಟು ಕಾದಿತ್ತು. ಗೋದಾವರಿ ಸೇತುವೆಯ ಮೇಲೆ ಜನ ಎದ್ದು ನದಿಗೆ ಕಾಸು ಎಸೆದರು. ಬೇಸಿಗೆಯ ನದಿಯಲ್ಲಿ ನೀರಿಗಿಂತ ಮರಳೇ ಹೆಚ್ಚು ಕಾಣುತ್ತಿತ್ತು. ದೇಸಾಯಿಯವರಿಗೆ ನಿದ್ದೆ ಹತ್ತಿತ್ತು. ಆಗ ನಾಗರಾಜು ತಮ್ಮ ವಿಷಯ ಹೇಳಿದರು.

ಅವರ ಹೆಂಡತಿ ಮದ್ದೂರಿನಲ್ಲಿ ಶಾಲೆಯ ಟೀಚರು. ಮಗಳಿಗೆ ಮೂರು ವರ್ಷ. ಯುಗಾದಿಗೆ ಊರಿಗೆ ಹೋದಾಗ ಮಗು ಇವರನ್ನು ಕಂಡು ಬಾಗಿಲ ಹಿಂದೆ ಅವಿತು, "ಅಮ್ಮಾ, ಯಾರೋ ಮಾಮ ಬಂದವ್ರೆ" ಎಂದಿತಂತೆ. ಮಂಡ್ಯ ಜಿಲ್ಲೆಗೆ ವರ್ಗ ಕೇಳಿ ಇವರು ಅರ್ಜಿ ಕೊಟ್ಟಿದ್ದರು. ದೇಸಾಯಿಯವರು ಶಿಫಾರಸು ಮಾಡಿ ಈ ತಿಂಗಳೊಳಗೆ ಕಳಿಸಿದರೆ ಆಗುವ ಹಾಗಿತ್ತು. ಇಲ್ಲದಿದ್ದರೆ ಮತ್ತೆ ಮುಂದಿನ ವರ್ಷದ ಮಾತು.

"ಐದು ದಿನ ಇವರ ಜೊತೆ ಒಂದು ಅಡ್ಡಮಾತು ಬರದ ಹಾಗೆ ಕಳೆದುಬಿಟ್ರೆ ಸಾಕು ಮೇಡಂ," ಎಂದರು ನಾಗರಾಜು. "ವಾಪಸ್ ಹೋದ ತಕ್ಷಣ ಸಹಿ ಹಾಕ್ತೀನಿ ಅಂದಿದಾರೆ."

ದೇಸಾಯಿಯವರು ಕೆಟ್ಟವರಲ್ಲ. ಆದರೆ ತಮ್ಮ ಕೋಣೆಯಿಂದಲೇ ಹೆಸರು ಹಿಡಿದು ಕೂಗುತ್ತಿದ್ದರು, ಗಿರಾಕಿಗಳ ಎದುರಿಗೇ "ತಲಿ ಎಲ್ಲಿಟ್ಟೀಯೋ ನಾಗರಾಜ?" ಎನ್ನುತ್ತಿದ್ದರು. ಅದೇ ಮಧ್ಯಾಹ್ನ ಅವರನ್ನೇ ಕರೆದು ತಮ್ಮ ಡಬ್ಬಿಯ ಜೋಳದ ರೊಟ್ಟಿ ಮುರಿದು ಕೊಡುತ್ತಿದ್ದರು. ಬೈದದ್ದನ್ನು ಅವರು ಎಂದೂ ನೆನಪಿಟ್ಟುಕೊಂಡವರಲ್ಲ.

ವಿಶಾಖಪಟ್ಟಣದಲ್ಲಿ ಇಳಿದಾಗ ಇಳಿಹೊತ್ತು. ಬೆಜವಾಡದಷ್ಟು ಬಿಸಿಲಿರಲಿಲ್ಲ, ಆದರೆ ಗಾಳಿಯೆಲ್ಲ ಒದ್ದೆ. ಅಂಗಿ ಮೈಗೆ ಅಂಟಿದರೆ ಬಿಡುತ್ತಿರಲಿಲ್ಲ. ಆಟೋದವನು ಹದಿನೈದು ರೂಪಾಯಿ ಕೇಳಿ ಹತ್ತಕ್ಕೆ ಒಪ್ಪಿದ. ಬೀಚ್ ರಸ್ತೆಯ ಮೇಲಿನ ದಿಬ್ಬದಲ್ಲಿ ಒಂದು ಅತಿಥಿಗೃಹ. ನನ್ನ ಕೋಣೆಯಲ್ಲಿ ಅದೇ ತರಬೇತಿಗೆ ಬಂದಿದ್ದ ಟೆಲಿಫೋನ್ ಇಲಾಖೆಯ ವರಲಕ್ಷ್ಮಿ ಎಂಬ ಹೆಂಗಸು, ಕಾಕಿನಾಡದವರು. ಊಟಕ್ಕೆ ಗೋಂಗೂರ ಸೊಪ್ಪಿನ ಪಚ್ಚಡಿ, ಬೇಳೆಯ ಪಪ್ಪು, ದಪ್ಪ ಮೊಸರು ಇತ್ತು. ಊಟದ ವಿಷಯದಲ್ಲಿ ಐದು ದಿನವೂ ಯಾರೂ ದೂರಲಿಲ್ಲ.

ಮರುದಿನ ಬೆಳಿಗ್ಗೆ ಮಹಡಿಯ ಹಾಲಿನಲ್ಲಿ ಹನ್ನೆರಡು ಮಂದಿಗೆ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ನಡುವೆ ಮೇಜಿಲ್ಲ, ಗೋಡೆಗೆ ಕರಿಹಲಗೆಯಿಲ್ಲ. ನಡೆಸಿಕೊಡುವವರು ಮದ್ರಾಸಿನಿಂದ ಬಂದ ಮಿಸೆಸ್ ಜೇಕಬ್, ಐವತ್ತು ದಾಟಿದ ಸಣ್ಣ ದನಿಯ ಹೆಂಗಸು. ಅವರು ನಿಯಮಗಳನ್ನು ಇಂಗ್ಲಿಷಿನಲ್ಲಿ ಹೇಳಿದರು. ಇಲ್ಲಿ ಸರ್ ಇಲ್ಲ, ತೆಲುಗಿನ ಗಾರು ಇಲ್ಲ, ಬರೀ ಹೆಸರು. ಮನಸ್ಸಿನಲ್ಲಿದ್ದದ್ದು ಯಾವ ಭಾಷೆಯಲ್ಲಿ ಬಂದರೂ ಸರಿ, ಹೇಳಬೇಕು. ಇಲ್ಲಿ ಆಡಿದ್ದು ಇಲ್ಲಿಯೇ ಉಳಿಯಬೇಕು. ಇಷ್ಟು ಹೇಳಿ ಅವರು ಸುಮ್ಮನೆ ಕೂತರು. ನಾವೂ ಕೂತೆವು. ಫ್ಯಾನು ತಿರುಗುತ್ತಿತ್ತು. ಉಕ್ಕಿನ ಕಾರ್ಖಾನೆಯ ಒಬ್ಬ ಇಂಜಿನಿಯರು ತಡೆಯಲಾರದೆ ಎದ್ದು, ಕಾರ್ಯಕ್ರಮ ಯಾವಾಗ ಶುರುವಾಗುತ್ತದೆ ಎಂದು ಕೇಳಿದರು. "ಶುರುವಾಗಿದೆ" ಎಂದರು ಜೇಕಬ್.

"ಸಂಬಳ ಕೊಟ್ಟು ಸುಮ್ಮನೆ ಕೂರಿಸಿದಾರೆ," ಎಂದು ವರಲಕ್ಷ್ಮಿ ಟೀ ಹೊತ್ತಿನಲ್ಲಿ ತೆಲುಗಿನಲ್ಲಿ ನಕ್ಕರು. "ನಾನು ಇವತ್ತಿಗೂ ನನ್ನ ಗಂಡನ ಹೆಸರು ಹಿಡಿದು ಕರೆದವಳಲ್ಲಮ್ಮಾ. ಇಲ್ಲಿ ಆ ಇಂಜಿನಿಯರನ್ನ ಬರೀ ಪ್ರಸಾದ್ ಅನ್ನಬೇಕಂತೆ!"

ಎರಡನೆಯ ದಿನ ಬೆಳಿಗ್ಗೆ ನಮ್ಮನ್ನು ಸಮುದ್ರದ ದಂಡೆಗೆ ಕರೆದೊಯ್ದರು. ಇಬ್ಬಿಬ್ಬರ ಜೋಡಿ, ಒಬ್ಬರ ಕಣ್ಣಿಗೆ ಟವೆಲು ಕಟ್ಟಿ ಇನ್ನೊಬ್ಬರು ಮಾತಾಡದೆ ಕೈ ಹಿಡಿದು ನಡೆಸಬೇಕು. ದೇಸಾಯಿಯವರು ತಾವಾಗಿಯೇ ನಾಗರಾಜುವನ್ನು ಆರಿಸಿಕೊಂಡರು. ದೋಣಿಗಳ ಹಗ್ಗ, ಒಣಗಲು ಹಾಕಿದ ಮೀನು, ಒಡೆದ ಚಿಪ್ಪು, ಎಲ್ಲವನ್ನೂ ತಪ್ಪಿಸಿ ನಾಗರಾಜು ಅವರನ್ನು ನೀರಿನ ತನಕ ಕರೆದೊಯ್ದರು. ಅಲೆ ಪಾದಕ್ಕೆ ತಾಗಿದಾಗ ದೇಸಾಯಿಯವರು ಮಗುವಿನಂತೆ ಹೋ ಎಂದು ಕೂಗಿದರು. ಹಾಲಿಗೆ ಮರಳಿದ ಮೇಲೆ ಎಲ್ಲರಿಗೂ ಹೇಳಿದರು: ಒಂದು ಸಲವೂ ಎಡವಲಿಲ್ಲ, ಈ ಹುಡುಗ ನನಗೆ ಮಗನ ಹಾಗೆ.

ಮೂರನೆಯ ದಿನದ್ದನ್ನು ನಾನು ಕಂಡ ಹಾಗೆಯೇ ಬರೆಯುತ್ತೇನೆ. ಮಿಸೆಸ್ ಜೇಕಬ್ ಕುರ್ಚಿಗಳನ್ನು ಗೋಡೆಗೆ ಸರಿಸಲು ಹೇಳಿದರು. ಈ ಕೋಣೆಯಲ್ಲಿ ಯಾರೊಡನೆ ನೀವು ಹೆದರಿಕೆಯಿಲ್ಲದೆ ಮಾತಾಡಬಲ್ಲಿರೋ ಅವರ ಪಕ್ಕ ಹೋಗಿ ನಿಲ್ಲಿ, ಎಂದರು. ಜನ ನಾಚುತ್ತ ಅತ್ತ ಇತ್ತ ನಡೆದರು. ವರಲಕ್ಷ್ಮಿ ಬಂದು ನನ್ನ ಪಕ್ಕ ನಿಂತರು. ದೇಸಾಯಿಯವರು ನೇರವಾಗಿ ನಾಗರಾಜುವಿನ ಹತ್ತಿರ ಹೋಗಿ ನಿಂತು ನಮ್ಮನ್ನೆಲ್ಲ ನೋಡಿ ನಕ್ಕರು. ನಾಗರಾಜು ಮಾತ್ರ ಕೋಣೆಯ ನಡುವೆ ನಿಂತೇ ಇದ್ದರು.

"ನಾಗರಾಜು, ನೀವು ಇನ್ನೂ ನಡೆದಿಲ್ಲ," ಎಂದರು ಜೇಕಬ್.

ನಾಗರಾಜು ಅಲ್ಲಾಡಲಿಲ್ಲ. ಅಲ್ಲಿಯೇ ನಿಂತುಬಿಟ್ಟಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಎರಡು ದಿನ ಆ ದುಂಡಿನಲ್ಲಿ ಕೂತದ್ದು ಅವರನ್ನು ಏನೋ ಮಾಡಿತ್ತು. ಅವರು ದೇಸಾಯಿಯವರ ಪಕ್ಕದಿಂದ ಹೊರಟು, ಯಾರ ಹತ್ತಿರವೂ ಹೋಗದೆ, ಕಿಟಕಿಯ ಬಳಿ ಗೋಡೆಗೆ ಮುಖ ಮಾಡಿ ನಿಂತರು. ದೇಸಾಯಿಯವರ ನಗು ಮುಖದಲ್ಲಿ ಇನ್ನೂ ಇತ್ತು. ಅದನ್ನು ತೆಗೆಯಲು ಅವರಿಗೆ ತಿಳಿಯಲಿಲ್ಲ.

ಏನನ್ನಿಸುತ್ತಿದೆ ಹೇಳಿ ಎಂದರು ಜೇಕಬ್. ನಾಗರಾಜು ಕನ್ನಡದಲ್ಲಿ, ಗೋಡೆಗೇ ಹೇಳಿದರು: "ಇವರು ಬಾಗಿಲು ತಳ್ಳಿ ಬಂದ್ರೆ ನನ್ನ ಕೈ ತಣ್ಣಗಾಗುತ್ತೆ. ನಾನು ನಗೋದೆಲ್ಲ ಹೆದರಿಕೆಗೆ. ನಾಕು ವರ್ಷದಲ್ಲಿ ಇವರ ಹತ್ರ ಒಂದು ನಿಜವಾದ ಮಾತು ಆಡಿಲ್ಲ. ಜನರ ಎದುರಿಗೆ ಬೈಸ್ಕೊಂಡು, ಆಮೇಲೆ ಇವರ ರೊಟ್ಟಿ ತಿಂತೀನಲ್ಲ, ಅದು ಗಂಟಲಲ್ಲಿ ಇಳಿಯಲ್ಲ."

ಉಳಿದವರಿಗೆ ಅರ್ಥವಾಗಲಿಲ್ಲ. ಮಿಸೆಸ್ ಜೇಕಬ್ ನನ್ನತ್ತ ತಿರುಗಿ, ಇಂಗ್ಲಿಷಿನಲ್ಲಿ ಹೇಳಿ, ಏನನ್ನೂ ಮೆತ್ತಗೆ ಮಾಡಬೇಡಿ ಎಂದರು. ನಾನು ಹೇಳಿದೆ. ರೊಟ್ಟಿಯ ಮಾತನ್ನೂ ಬಿಡಲಿಲ್ಲ. ದೇಸಾಯಿಯವರು ಅದನ್ನು ಎರಡನೆಯ ಸಲ, ನನ್ನ ಬಾಯಿಂದ, ನಿಂತುಕೊಂಡೇ ಕೇಳಿದರು. ನಾನು ಮುಗಿಸಿದಾಗ ವರಲಕ್ಷ್ಮಿ ನನ್ನ ತೋಳು ಹಿಡಿದುಕೊಂಡರು.

ಆಮೇಲೆ ದೇಸಾಯಿಯವರು ಬಾಯಿ ಬಿಡಲಿಲ್ಲ. ಸಮಯಕ್ಕೆ ಬಂದು ದುಂಡಿನಲ್ಲಿ ಕೂರುತ್ತಿದ್ದರು, ಊಟಕ್ಕೆ ಬೇರೆ ಮೇಜು ಹಿಡಿಯುತ್ತಿದ್ದರು. ನಾಲ್ಕನೆಯ ಮಧ್ಯಾಹ್ನ ಬಿಸಿಲಿನಲ್ಲಿ ದಂಡೆಯ ದೋಣಿಯೊಂದರ ನೆರಳಲ್ಲಿ ಚಪ್ಪಲಿ ಬಿಟ್ಟು ಕೂತಿದ್ದರು. ನಾನು ಮೇಲಿನಿಂದ ನೋಡಿದೆ, ಇಳಿದು ಹೋಗಲಿಲ್ಲ. ದೇಸಾಯಿಯವರೊಡನೆ ನೀವು ಮಾತಾಡಬಾರದೇ ಎಂದು ಮಿಸೆಸ್ ಜೇಕಬ್ ಅವರನ್ನು ಕೇಳಿದೆ. ಅವರ ಮೌನ ಅವರದು, ಕಾಯಬೇಕು, ಎಂದರು. ಜೇಕಬ್ ಕಾಯಬಲ್ಲರು, ಶನಿವಾರ ಮದ್ರಾಸಿಗೆ ಹೋಗುವವರು ಎಂದುಕೊಂಡೆ.

"ಮುಗೀತು ಮೇಡಂ," ಎಂದರು ನಾಗರಾಜು, ಪೆಸರಟ್ಟು ದೋಸೆಯ ತಟ್ಟೆ ಮುಂದಿಟ್ಟುಕೊಂಡು ಮುಟ್ಟದೆ. "ಟ್ರಾನ್ಸ್‌ಫರ್‌ನ ಕೈಯಾರೆ ಸಮುದ್ರಕ್ಕೆ ಹಾಕ್ದೆ. ಇಲ್ಲಿ ಆಡಿದ್ದು ಇಲ್ಲೇ ಉಳಿಯುತ್ತಂತೆ. ಅವರೂ ನಮ್ಮ ಜೊತೆಗೇ ಗಾಡಿ ಹತ್ತಬೇಕಲ್ಲ!"

ಕೊನೆಯ ದಿನ ಎಲ್ಲರೂ ಒಂದೊಂದು ಮಾತು ಹೇಳಿ ಮುಗಿಸಬೇಕಿತ್ತು. ತಮ್ಮ ಸರದಿ ಬಂದಾಗ ದೇಸಾಯಿಯವರು ಇಂಗ್ಲಿಷಿನಲ್ಲಿ, "ನಾನು ಕೇಳಿಸಿಕೊಂಡೆ," ಎಂದಷ್ಟೇ ಹೇಳಿದರು. ಮಿಸೆಸ್ ಜೇಕಬ್ ಕಣ್ಣು ಒರೆಸಿಕೊಂಡರು.

ಶನಿವಾರ ಬೆಳಿಗ್ಗೆ ಹಿಂದಿರುಗುವ ಗಾಡಿ ಹತ್ತಿದೆವು. ಇಂಜಿನಿಯರು ದುವ್ವಾಡದ ತನಕ ನಮ್ಮ ಜೊತೆ ಬಂದು ಎಲ್ಲರ ಕೈ ಕುಲುಕಿ ಇಳಿದರು. ಆಮೇಲೆ ನಾವು ಮೂವರೇ. ನಾಗರಾಜು ಕಿಟಕಿಯ ಪಕ್ಕ ಪುಸ್ತಕವೊಂದನ್ನು ತೆರೆದು ಹಾಳೆ ತಿರುಗಿಸದೆ ಕೂತಿದ್ದರು. ತುನಿಯಲ್ಲಿ ದೇಸಾಯಿಯವರು ಇಳಿದು ಒಂದು ಬುಟ್ಟಿ ಮಾವಿನಹಣ್ಣು ತಂದರು. ಚಾಕುವಿನಿಂದ ಸೀಳಿ ಮೊದಲ ಹೋಳನ್ನು ನಾಗರಾಜುವಿಗೆ ಕೊಟ್ಟರು. ಎರಡನೆಯದು ನನಗೆ. ಗೋದಾವರಿ ದಾಟಿದ ಮೇಲೆ ಅವರು ಚಾಕು ಒರೆಸಿ ಮಡಚಿದರು.

"ನಾಗರಾಜ, ಈ ಕಡೆ ಬಾ. ನನ್ನ ಎದುರಿಗೆ ಕೂಡು."

ನಾಗರಾಜು ಬಂದು ಕೂತರು.

"ನೀ ಆ ದಿನಾ ಅಂದದ್ದು ಖರೇ ಐತಿ. ನನಗ ನಿದ್ದಿ ಬಂದಿಲ್ಲ. ನನ್ನ ಮಗಾನೂ ಹಿಂಗ, ಮನ್ಯಾಗ ನಾ ಬಂದ್ರ ಎದ್ದು ಒಳಗ ಹೋಗತಾನ. ಅಭ್ಯಾಸ ಮಾಡಾಕ ಹ್ವಾದಾ ಅಂತ ತಿಳಕೊಂಡಿದ್ದೆ. ಮೂವತ್ತು ವರ್ಷದ ನೌಕರಿಯೊಳಗ ನನಗ ಹೇಳಿದಾಂವ ನೀ ಒಬ್ಬನ." ಅವರ ಕಣ್ಣು ತುಂಬಿತ್ತು. ಒರೆಸಿಕೊಳ್ಳಲೂ ಇಲ್ಲ. "ಅದಕ್ಕ ಒಂದು ವಿಚಾರ ಮಾಡೇನಿ. ನಿನ್ನ ನಾ ಬಿಟ್ಟುಕೊಡೂದಿಲ್ಲ. ನನಗಿನ್ನ ಎರಡ ವರ್ಷ. ನಾ ಒದರಿದ್ರ 'ಒದರಬ್ಯಾಡ್ರಿ' ಅನ್ನಾಕ ಒಬ್ಬ ಬೇಕು. ನೀ ಇರು. ನಾ ರಿಟೈರ್ ಆಗೂ ಮುಂದ ನಾನ ಹೆಡ್ ಆಫೀಸಿಗೆ ಹೋಗಿ ನಿನ್ನ ಮದ್ದೂರಿಗೇ ಹಾಕಿಸಿ ಬರ್ತೇನಿ. ಈ ವರ್ಷದ ಅರ್ಜಿ ಇರ್ಲಿ ಬಿಡು."

ನಾಗರಾಜು ಅವರ ಮುಖ ನೋಡಿದರು. ಕೊನೆಗೆ ನಾನೇ ಹೇಳಿದೆ: "ಸರ್, ಅವರ ಮಗಳಿಗೆ ಮೂರು ವರ್ಷ. ಅಪ್ಪ ಅಂತ ಗುರುತು ಹಿಡೀತಾ ಇಲ್ಲ ಅದು."

"ಹೌದೇನೋ?" ದೇಸಾಯಿಯವರು ಮುಂದಕ್ಕೆ ಬಾಗಿದರು. "ನೀ ಹೇಳು. ಹೋಗಬೇಕಾ ನಿನಗ? ಇದ್ದದ್ದು ಇದ್ದಂಗ ಹೇಳು. ನಾ ಏನೂ ತಿಳಕೊಳ್ಳೂದಿಲ್ಲ."

ಕೇಳಿ ಅವರು ಸುಮ್ಮನಾದರು. ನಡುವೆ ಬಾಯಿ ಹಾಕಲಿಲ್ಲ, ಅವಸರಿಸಲಿಲ್ಲ. ಶಾಖೆಯಲ್ಲಿ ಅವರು ಯಾರ ಉತ್ತರಕ್ಕೂ ಹೀಗೆ ಕಾದದ್ದನ್ನು ನಾನು ನೋಡಿರಲಿಲ್ಲ. ನಿಡದವೋಲು ನಿಲ್ದಾಣ ಬಂದು ಹೋಯಿತು.

"ಪರವಾಗಿಲ್ಲ ಸರ್," ಎಂದರು ನಾಗರಾಜು. "ಎರಡು ವರ್ಷ ತಾನೆ. ಇರ್ತೀನಿ."

"ನೋಡ್ರಿ!" ದೇಸಾಯಿಯವರು ನನ್ನತ್ತ ತಿರುಗಿ, ಅಂಗೈಯಿಂದ ಕಣ್ಣೊರೆಸಿ ನಕ್ಕರು. "ಬಾಯಾರ, ನೀವು ಸುಮ್ಮನ ಹೆದರಸಾಕ ಹತ್ತಿದ್ರಿ." ಹಣ್ಣಿನ ಅಂಟು ತೊಳೆಯಲು ಎದ್ದು ಹೋದರು.

"ಯಾಕೆ ಹೀಗೆ ಮಾಡಿದ್ರಿ?" ಎಂದೆ. "ಕೇಳಿದ್ರಲ್ಲ ಅವರೇ."

"ಅವತ್ತು ಗೋಡೆ ನೋಡ್ಕೊಂಡು ಹೇಳ್ಬಿಟ್ಟೆ ಮೇಡಂ," ಎಂದರು ನಾಗರಾಜು. "ಇವತ್ತು ಆ ಮನುಷ್ಯ ಎದುರಿಗೆ ಕೂತು ಕಣ್ಣಲ್ಲಿ ನೀರು ಹಾಕ್ಕೊಂಡು ಕೇಳ್ತಾವ್ರೆ. ನೀವಾಗಿದ್ರೆ ಏನ್ ಹೇಳ್ತಿದ್ರಿ?"

ನಾನು ಮಾವಿನ ಸಿಪ್ಪೆಗಳನ್ನು ಕಾಗದದಲ್ಲಿ ಸುತ್ತಿ ಕಿಟಕಿಯಿಂದಾಚೆ ಹಾಕಿದೆ.

ಬೆಜವಾಡದಲ್ಲಿ ಇಳಿದಾಗ ಸಂಜೆ ಬಿಸಿಗಾಳಿ ಇನ್ನೂ ಬೀಸುತ್ತಿತ್ತು. ನಿಲ್ದಾಣದ ಹೊರಗಿನ ಫೋನ್ ಬೂತಿನ ಮುಂದೆ ನಾಗರಾಜು ನಿಂತರು. ಹೆಂಡತಿ ಪಕ್ಕದ ಮನೆಯ ಫೋನಿಗೆ ಬಂದು ಕಾಯುತ್ತಿರುತ್ತಾಳೆ, ವರ್ಗದ ವಿಷಯ ಇಂದು ತಿಳಿಸುತ್ತೇನೆಂದಿದ್ದೆ, ಎಂದು ಮೆಲ್ಲಗೆ ನನಗೆ ಹೇಳಿದರು. ಬೂತಿನೊಳಗೆ ಯಾರೋ ಇದ್ದರು. ಅಷ್ಟರಲ್ಲಿ ದೇಸಾಯಿಯವರು ರಿಕ್ಷಾ ನಿಲ್ಲಿಸಿ ಕೂಗಿದರು. ಹಾಗೆ ಕೂಗಿದ್ದು ತಮಗೇ ಕೇಳಿಸಿ, ನಾಲಿಗೆ ಕಚ್ಚಿಕೊಂಡು, ಹತ್ತಿರ ಬಂದು ಮೆತ್ತಗೆ ಹೇಳಿದರು: "ತಮ್ಮಾ, ಮನಿಗೆ ಬಾ. ನಿನ್ನ ವೈನಿ ಅಡಿಗಿ ಮಾಡಿರ್ತಾಳ. ಫೋನ್ ಊಟಾ ಆದ ಮ್ಯಾಲೆ ಮಾಡಾಕಂತಿ."

ನಾಗರಾಜು ಅವರ ಹೋಲ್ಡಾಲು ಎತ್ತಿ ರಿಕ್ಷಾದಲ್ಲಿಟ್ಟು ಪಕ್ಕದಲ್ಲಿ ಹತ್ತಿ ಕೂತರು. ನನ್ನ ದಾರಿ ಬೇರೆ. ರಿಕ್ಷಾ ರಸ್ತೆಗೆ ತಿರುಗುವಾಗ ಅವರು ಒಮ್ಮೆ ಹಿಂದಕ್ಕೆ, ಬೂತಿನ ಕಡೆಗೆ ನೋಡಿದರು. ಒಳಗಿದ್ದವರು ಹೊರಗೆ ಬಂದಿದ್ದರು, ಬಾಗಿಲು ತೆರೆದೇ ಇತ್ತು. ದೇಸಾಯಿಯವರು ಏನೋ ಕೇಳಿದಂತಿತ್ತು. ನಾಗರಾಜು ಅತ್ತ ತಿರುಗಿ, ಹೌದು ಹೌದೆಂದು ತಲೆಯಾಡಿಸಿದರು.