ಮಂಗಳವಾರದ ಕಬಾಬು

ಆಗೆಲ್ಲ ನಾಗಪುರದ ಚಳಿಗಾಲಕ್ಕೆ ಇದ್ದಿಲ ಹೊಗೆಯ ವಾಸನೆ ಇರುತ್ತಿತ್ತು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಗ್ಯಾಸಿನ ಒಲೆ ಇನ್ನೂ ಎಲ್ಲರ ಮನೆಗೆ ಬಂದಿರಲಿಲ್ಲ. ಅಜನಿಯ ರೈಲ್ವೆ ಕ್ವಾರ್ಟರ್ಸಿನ ನಮ್ಮ ಸಾಲಿನಲ್ಲಿ ಹೊತ್ತು ಇಳಿಯುತ್ತಿದ್ದಂತೆ ಹೆಂಗಸರು ಸಿಗಡಿಗಳನ್ನು, ಅಂದರೆ ಇದ್ದಿಲ ಒಲೆಗಳನ್ನು, ಅಂಗಳಕ್ಕೆ ತಂದಿಟ್ಟು, ಕೆಂಡ ನಿಗಿನಿಗಿ ಅನ್ನುವವರೆಗೆ ಬೀಸಣಿಕೆಯಿಂದ ಗಾಳಿ ಹಾಕುತ್ತಿದ್ದರು. ನಾವು ಹುಡುಗಿಯರು ಆ ಹೊಗೆಯಲ್ಲೇ ಕುಂಟಾಬಿಲ್ಲೆ ಆಡಿ, ಕಣ್ಣುಜ್ಜಿಕೊಳ್ಳುತ್ತ ಮನೆಗೆ ಓಡುತ್ತಿದ್ದೆವು. ಆ ಕಾಲದಲ್ಲಿ ಅಂಥ ಊರುಗಳಲ್ಲಿ ಬೆಳೆದವರಿಗೆ ಈಗಲೂ ಎಲ್ಲಾದರೂ ಇದ್ದಿಲು ಹೊತ್ತಿದ ವಾಸನೆ ಬಂದರೆ ಹೊಟ್ಟೆ ಹಸಿಯುತ್ತದೆ. ನನಗೂ ಹಸಿಯುತ್ತದೆ. ಅದರ ಹಿಂದೆಯೇ ಇನ್ನೊಂದು ನೆನಪು ಬಂದು ಆ ಹಸಿವನ್ನು ಕೆಡಿಸುತ್ತದೆ.

ನಾವು ಗದಗಿನ ಕಡೆಯವರು. ಅಪ್ಪನಿಗೆ ಲೋಕೋ ಶೆಡ್ಡಿನಲ್ಲಿ ಫಿಟ್ಟರ್ ಕೆಲಸ. ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುವಂತಿರಲಿಲ್ಲ. ಅವ್ವ ಪೂಜೆ ಮುಗಿಯದೆ ನೀರು ಮುಟ್ಟುತ್ತಿರಲಿಲ್ಲ, ಅಪ್ಪ ಹಣೆಗೆ ವಿಭೂತಿ ಇಲ್ಲದೆ ಹೊಸ್ತಿಲು ದಾಟುತ್ತಿರಲಿಲ್ಲ. ಅವನಿಗೆ ಮಾತು ಬಹಳ ಕಡಿಮೆ. ಕೆಲಸದಿಂದ ಬಂದರೆ ಕೈಕಾಲು ತೊಳೆದು ಪೇಪರ್ ಹಿಡಿದು ಕೂತುಬಿಡುತ್ತಿದ್ದ. ನಾನು ಶಾಲೆಯ ಸುದ್ದಿ ಹೇಳಲು ಹೋದರೆ "ಹೂಂ" ಅನ್ನುವನು, ಪುಟ ತಿರುವುವನು. ನಾನು ಒಬ್ಬಳೇ ಮಗಳು. ಅಪ್ಪನಿಗೆ ನನ್ನ ಮೇಲೆ ಪ್ರೀತಿ ಇದೆಯೋ ಇಲ್ಲವೋ ಎಂದು ಆಗಾಗ ಅನುಮಾನ ಬರುತ್ತಿತ್ತು.

ಮಂಗಳವಾರ ಸದರ್ ಕಡೆ ದೊಡ್ಡ ಸಂತೆ. ಆ ದಿನ ಅಪ್ಪ ಸೈಕಲ್ಲಿನ ಹಿಂದೆ ನನ್ನನ್ನು ಕೂರಿಸಿಕೊಂಡು ವಾರದ ಕಾಯಿಪಲ್ಯೆ ತರಲು ಹೋಗುತ್ತಿದ್ದ. ಚೀಲ ಹಿಡಿಯುವುದು ನನ್ನ ಕೆಲಸ. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ, ದಸರೆ ಮುಗಿದ ಮೇಲಿನ ಒಂದು ಸಂಜೆ, ಸಂತೆ ಮುಗಿಸಿ ಹೊರಟವನು ಹಿಂದಿನ ಒಂದು ಗಲ್ಲಿಗೆ ಸೈಕಲ್ ತಿರುಗಿಸಿದ.

"ನೀ ಇಲ್ಲೇ ಸೈಕಲ್ ಹಿಡಕೊಂಡು ನಿಂದರು. ಒಬ್ಬರನ್ನ ಮಾತಾಡಿಸಿ ಬರ್ತೀನಿ," ಅಂದ.

ಎದುರಿಗೆ ತಗಡಿನ ಮಾಡಿನ ಒಂದು ಸಣ್ಣ ಅಂಗಡಿ. ಬಾಗಿಲಲ್ಲಿ ಮಾರುದ್ದದ ಕಬ್ಬಿಣದ ಸಿಗಡಿ. ಅದರ ಮೇಲೆ ಸಲಾಕಿಗಳು ಸಾಲಾಗಿ ಮಲಗಿದ್ದವು, ಸಲಾಕಿಗೆ ಒತ್ತಿದ ಕೊಚ್ಚಿದ ಮಾಂಸದ ಖೀಮಾದಿಂದ ಕೊಬ್ಬು ತೊಟ್ಟಿಕ್ಕಿ ಕೆಂಡ ಚುರ್ರೆನ್ನುತ್ತಿತ್ತು. ಗಾಳಿ ಹಾಕುತ್ತಿದ್ದವಳು ಒಬ್ಬ ದಪ್ಪ ಹೆಂಗಸು, ಮೂಗಿನಲ್ಲಿ ಬೆಳ್ಳಿಯ ನತ್ತು. ಎಲ್ಲರೂ ಅವಳನ್ನು ಖಾಲಾ ಅನ್ನುತ್ತಿದ್ದರು. ಪಕ್ಕದ ಒಲೆಯ ಮೇಲೆ ಬೋರಲು ಹಾಕಿದ ಮಣ್ಣಿನ ಗಡಿಗೆ. ಅವಳ ಗಂಡ ನೀರಾದ ಹಿಟ್ಟನ್ನು ಕೈಯಿಂದ ಮೊಣಕೈವರೆಗೂ ಜೋಲಿಸಿ ಜೋಲಿಸಿ, ಸೆರಗಿನಷ್ಟು ತೆಳ್ಳಗೆ ಮಾಡಿ ಆ ಗಡಿಗೆಯ ಬೆನ್ನಿಗೆ ಹೊದಿಸುತ್ತಿದ್ದ. ನಾಗಪುರದವರ ಲಂಬಿ ರೋಟಿ ಅದು. ನಾನು ಬಾಯಿ ತೆರೆದು ನೋಡುತ್ತಿದ್ದೆ. ಒಳಗಿನ ಬೆಂಚಿನ ಮೇಲೆ ಅಪ್ಪ ಬೆನ್ನು ಮಾಡಿ ಕೂತು ತಿನ್ನುತ್ತಿದ್ದ.

ಖಾಲಾ ನನ್ನನ್ನು ನೋಡಿ, ಮಗುವನ್ನು ಹೊರಗೇಕೆ ನಿಲ್ಲಿಸಿದಿರಿ ಎಂದು ಒಳಗೆ ಕೂಗಿದಳು: "ಅರೇ ಬಾಬೂಜೀ, ಬಚ್ಚೀ ಕೋ ಬಾಹರ್ ಕ್ಯೂಂ ಖಡಾ ಕಿಯಾ?"

ಅಪ್ಪ ತಿರುಗಿದ. ಅವನ ಮುಖ ಕೆಂಪಾಯಿತು. ಆಮೇಲೆ, ನಾನು ಮನೆಯಲ್ಲಿ ಯಾವತ್ತೂ ನೋಡಿರದ ಒಂದು ನಗೆ ನಕ್ಕ. "ಬಾ ಇಲ್ಲೆ," ಅಂದ.

ಮೊದಲ ತುಣುಕು ಬಾಯಿಗೆ ಇಟ್ಟಾಗ ಹೊಗೆ, ಖಾರ, ಏನೋ ಮೆತ್ತನೆಯದು ಒಟ್ಟಿಗೆ ಬಂದವು. ಉಗುಳಬೇಕು ಅನ್ನಿಸಿತು. ಅಪ್ಪ ನೋಡುತ್ತಿದ್ದ, ನುಂಗಿದೆ. ಎರಡನೆಯದನ್ನು ಈರುಳ್ಳಿ ಹಚ್ಚಿಕೊಂಡು, ಲಿಂಬೆ ಹಿಂಡಿಕೊಂಡು ನಾನೇ ಕೇಳಿ ತಿಂದೆ.

"ಅವ್ವಗ ಹೇಳಬ್ಯಾಡ ಮತ್ತ."

"ಇಲ್ಲಪಾ."

"ನಾವಿಬ್ರೂ ಪಾರ್ಟನರ್ ಈಗ," ಅಂತ ಎಣ್ಣೆಗೈಯಿಂದಲೇ ನನ್ನ ಕೈ ಕುಲುಕಿದ.

ಆಮೇಲೆ ಮಂಗಳವಾರಕ್ಕಾಗಿ ಕಾಯುವುದೇ ನನ್ನ ಕೆಲಸವಾಯಿತು. ಮಂಗಳವಾರವೇ ಏಕೆ ಅಂತಲೂ ಅಪ್ಪ ಹೇಳಿಕೊಟ್ಟ. ಶೆಡ್ಡಿನ ಜನ ಹೆಚ್ಚಿನವರು ಆ ದಿನ ಮಾಂಸ ಮುಟ್ಟುವುದಿಲ್ಲ, ಗುರುತಿನವರು ಯಾರೂ ಆ ಗಲ್ಲಿಗೆ ಕಾಲಿಡುವುದಿಲ್ಲ. ಮದುವೆಗೆ ಮುಂಚೆ ಭುಸಾವಳದಲ್ಲಿ ಕೆಲಸಕ್ಕಿದ್ದಾಗ ಗೆಳೆಯರ ಜೊತೆ ಹತ್ತಿದ ರುಚಿಯಂತೆ, ಬಿಡಲು ಆಗಲಿಲ್ಲವಂತೆ. ಖಾಲಾಳ ಬೆಂಚಿನ ಮೇಲೆ ಕೂತ ಅಪ್ಪ ಬೇರೆಯೇ ಮನುಷ್ಯ. ಸಣ್ಣವನಿದ್ದಾಗ ಹಳ್ಳ ಈಜಲು ಹೋಗಿ ಅಂಗಿ ಕಳೆದುಕೊಂಡದ್ದು, ಸಾಹೇಬನೊಬ್ಬನ ಕುಂಟು ನಡಿಗೆ, ಎಂಜಿನ್ನುಗಳಿಗೆ ಅವನೇ ಇಟ್ಟ ಅಡ್ಡಹೆಸರುಗಳು, ಎಲ್ಲವನ್ನೂ ಹೇಳುವನು. ನನ್ನ ಗೆಳತಿಯರ ಹೆಸರು ಕೇಳಿ ತಿಳಿದುಕೊಂಡು, ಮುಂದಿನ ವಾರ ಅವರ ಜಗಳ ಎಲ್ಲಿಗೆ ಬಂತೆಂದು ವಿಚಾರಿಸುವನು. ಕಬಾಬು ನನಗೆ ಇಷ್ಟವಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ನಾನು ಕಾಯುತ್ತಿದ್ದದ್ದು ಆ ಅಪ್ಪನಿಗಾಗಿ.

ವಾಪಸು ಬರುವಾಗ ದಾರಿಯಲ್ಲಿ ಸಂತ್ರಾ, ಅಂದರೆ ನಾಗಪುರದ ಕಿತ್ತಳೆ, ಕೊಳ್ಳುತ್ತಿದ್ದೆವು. ಹಣ್ಣು ತಿಂದು, ಕಬಾಬಿನ ವಾಸನೆ ಹೋಗಲೆಂದು ಸಿಪ್ಪೆಯನ್ನು ಕೈಗೆ, ತುಟಿಗೆ, ಅಪ್ಪನ ಮೀಸೆಗೆ ತಿಕ್ಕುವುದು. ನಾನು ತಿಕ್ಕುವಾಗ ಅವನು ಸೀನುತ್ತಿದ್ದ. ಮನೆಗೆ ಬಂದರೆ ಅವ್ವ, "ಮತ್ತ ಸಂತ್ರಾ ತಿಂದ್ರೇನು? ಥಂಡಿ ಆಗ್ತೈತಿ," ಅನ್ನುತ್ತಿದ್ದಳು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡದೆ ಒಳಗೆ ಹೋಗುತ್ತಿದ್ದೆವು.

ಚಳಿ ಬಲಿತಾಗ ಊರಿನಿಂದ ಅಜ್ಜ ಬಂದ, ಅಪ್ಪನ ಅಪ್ಪ. ಎತ್ತರದ ಆಳು, ಬಿಳಿ ರುಮಾಲು, ಮಾತಿಗೆ ಎದುರಾಡಿದವರಿಲ್ಲ. ಅವನ ಮುಂದೆ ಅಪ್ಪ ಕುರ್ಚಿಯ ಮೇಲೆ ಕೂರುತ್ತಿರಲಿಲ್ಲ. ಆದರೂ ಅಜ್ಜ ಬಂದ ಮೇಲಿನ ಮಂಗಳವಾರಗಳಲ್ಲೂ ನಾವು ಖಾಲಾಳ ಅಂಗಡಿ ತಪ್ಪಿಸಲಿಲ್ಲ. ಸಂತ್ರಾ ಸಿಪ್ಪೆಯನ್ನು ಇನ್ನಷ್ಟು ಜೋರಾಗಿ ತಿಕ್ಕಿಕೊಂಡೆವು, ಅಷ್ಟೇ.

ಒಂದು ಭಾನುವಾರ ಬೆಳಿಗ್ಗೆ ಅಜ್ಜ ಅಂಗಳದಲ್ಲಿ ಬಿಸಿಲಿಗೆ ಕೂತಿದ್ದ. ಅಪ್ಪ ಸೈಕಲ್ ಮಗುಚಿ ಹಾಕಿ ಚೈನಿಗೆ ಎಣ್ಣೆ ಬಿಡುತ್ತಿದ್ದ. ನಾನೂ ಅವ್ವನೂ ಮೆಂತ್ಯಪಲ್ಯೆ ಸೋಸುತ್ತಿದ್ದೆವು. ಪಕ್ಕದ ಸಾಲಿನ ವಾನಖೇಡೆ ಕಾಕಾ, ಅಪ್ಪನ ಜೊತೆ ಕೆಲಸ ಮಾಡುವವರು, ದಾರಿಯಲ್ಲಿ ಹೋಗುತ್ತ ನಿಂತರು. ನನ್ನ ಕಡೆ ನೋಡಿ ನಗುತ್ತ, "ಕಾಯ್ ಹೋ, ತುಮಚೀ ಪೋರಗೀ ಕಬಾಬ್ ಕಾಯ್ ಮಸ್ತ್ ಖಾತೇ! ಮಂಗಳವಾರೀ ಖಾಲಾಕಡೇ ಪಾಹಿಲಂ," ಅಂದರು. ಮಂಗಳವಾರ ಖಾಲಾಳ ಅಂಗಡಿಯಲ್ಲಿ ನೋಡಿದೆ, ನಿಮ್ಮ ಹುಡುಗಿ ಕಬಾಬು ಎಷ್ಟು ಚೆನ್ನಾಗಿ ತಿನ್ನುತ್ತಾಳೆ ಅಂತ. ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ, ಹೇಳಿ ಹೋಗಿಬಿಟ್ಟರು.

ಅಜ್ಜನಿಗೆ ಮರಾಠಿ ತಿಳಿಯದು ಅಂತ ನಾನು ಅಂದುಕೊಂಡಿದ್ದೆ. ಅವನು ಶಾಲೆ ಕಲಿತದ್ದೇ ಮರಾಠಿಯಲ್ಲಿ.

"ಏನಂದ ಅಂವಾ?" ಅಂದ ಅಜ್ಜ. ಆಮೇಲೆ ಅಪ್ಪನತ್ತ ಬೆರಳು ಮಾಡಿದ. "ನಿನ್ನ ಕೇಳಾಕತ್ತೇನಿ. ಖಂಡ ತಿಂತೀಯೇನು ನೀ?"

ಅಪ್ಪ ಎದ್ದು ನಿಂತ. ಕೈಯ ಎಣ್ಣೆಯನ್ನು ಚಿಂದಿಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ನನಗೆ ಭಯವಾಗಿತ್ತು, ಆದರೆ ಒಂದು ಧೈರ್ಯವೂ ಇತ್ತು. ಬೈದರೆ ಇಬ್ಬರಿಗೂ ಬೈಯುತ್ತಾರೆ, ಅಪ್ಪ ಜೊತೆಗಿದ್ದಾನೆ.

"ನಾ ಎಲ್ಲಿ ತಿಂತೇನ್ರಿ ಅಪ್ಪಾರ," ಅಂದ ಅಪ್ಪ. "ಹುಡುಗಿ ಹಟಾ ಹಿಡೀತು. ಸಂತ್ಯಾಗ ಬಿದ್ದು ಹೊಳ್ಳಾಡಿ ಅತ್ತಳು. ಸಾಕಾಗಿ ಒಂದ್ ತುಣುಕು ಕೊಡಿಸಿದೆ. ನಾ ಹೊರಗ ನಿಂತು ಬರೇ ಚಹಾ ಕುಡದೆ."

ನಾನು ಅವನನ್ನೇ ನೋಡಿದೆ. ಅವನು ಸೈಕಲ್ಲಿನ ಗಾಲಿ ನೋಡುತ್ತಿದ್ದ.

ಅಜ್ಜ ನನ್ನ ಕಡೆ ತಿರುಗಿದ. "ಖರೇ ಏನವಾ?"

ಆ ಹೊತ್ತಿನಲ್ಲಿ ನನ್ನ ಬಾಯಿಗೆ ನಿಜ ಬಂದಿತ್ತು. ಹೇಳಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಒಂದು ಸಲ ಅಪ್ಪ ನನ್ನ ಕಡೆ ಕಣ್ಣೆತ್ತುತ್ತಾನೆ, ಒಂದು ಸನ್ನೆಯಾದರೂ ಮಾಡುತ್ತಾನೆ ಎಂದು ಕಾದೆ. ಎತ್ತಲಿಲ್ಲ.

"ಹೌದ್ರಿ," ಅಂದೆ.

ಅವ್ವ ಎದ್ದು ಬಂದು ಕೆನ್ನೆಗೆ ಹೊಡೆದಳು. ರಟ್ಟೆ ಹಿಡಿದು ಬಚ್ಚಲಿಗೆ ಎಳೆದುಕೊಂಡು ಹೋಗಿ, ಆ ಚಳಿಯಲ್ಲಿ ತಣ್ಣೀರು ಸುರುವಿದಳು. ಹಣೆಗೆ, ತೋಳಿಗೆ ವಿಭೂತಿ ಬಳಿದಳು. ಅಜ್ಜ ಊರಿಗೆ ಹೋಗುವವರೆಗೂ ನನ್ನ ತಟ್ಟೆ ಬೇರೆ, ಲೋಟ ಬೇರೆ. ಬಾಗಿಲ ಹತ್ತಿರ ಒಬ್ಬಳೇ ಕೂತು ಉಣ್ಣಬೇಕು, ದೇವರ ಕೋಣೆಗೆ ಹೋಗಬಾರದು. ಸಂಕ್ರಾಂತಿಗೆ ನಾನು ಎಳ್ಳು ಬೀರಲು ಹೋದರೆ ಅಜ್ಜ ಕೈ ಚಾಚಲಿಲ್ಲ. ಅಪ್ಪ ಅವನ ಪಕ್ಕದಲ್ಲೇ ಕೂತು, ಕಣ್ಣು ಮುಚ್ಚಿ ಮಂತ್ರ ಹೇಳಿಕೊಂಡು ಉಣ್ಣುತ್ತಿದ್ದ.

ನನಗೆ ಆಗಲೂ ಅಪ್ಪನ ಮೇಲೆ ಸಿಟ್ಟು ಬಂದಿರಲಿಲ್ಲ ಅಂದರೆ ನಂಬುತ್ತೀರಾ? ಅಜ್ಜನ ಭಯಕ್ಕೆ ಹಾಗಂದ, ಒಬ್ಬಳೇ ಸಿಕ್ಕಾಗ ತಲೆ ಸವರಿ ಏನಾದರೂ ಹೇಳುತ್ತಾನೆ ಅಂದುಕೊಂಡೆ. ನೀರು ಕೊಡುವ ನೆಪದಲ್ಲಿ, ಚಪ್ಪಲಿ ತೆಗೆದಿಡುವ ನೆಪದಲ್ಲಿ ಅವನ ಸುತ್ತ ಸುಳಿದೆ. ಅವನು ಪೇಪರ್ ಕೆಳಗಿಳಿಸಲಿಲ್ಲ.

ಮುಂದಿನ ಮಂಗಳವಾರ ನಾನು ಚೀಲ ಹಿಡಿದು ಬಾಗಿಲಲ್ಲಿ ನಿಂತೆ. "ನೀ ಬ್ಯಾಡ," ಅಂದು ಚೀಲ ಇಸಿದುಕೊಂಡು ಒಬ್ಬನೇ ಹೋದ. ಕತ್ತಲಾಗುವ ಹೊತ್ತಿಗೆ ಬಂದ. ಚೀಲ ಇಳಿಸಿಕೊಳ್ಳಲು ಹತ್ತಿರ ಹೋದೆ. ಅವನ ಕೈಯಿಂದ, ಮೀಸೆಯಿಂದ ಘಮ್ಮೆಂದು ಸಂತ್ರಾ ಸಿಪ್ಪೆಯ ವಾಸನೆ ಬಂತು.

ನಾನು ಅತ್ತದ್ದು ಆವಾಗ. ಹಿತ್ತಲಿನ ಇದ್ದಿಲ ಚೀಲಗಳ ಹಿಂದೆ ಕೂತು ಅತ್ತೆ. ಅವ್ವ ಹೊಡೆದದ್ದಕ್ಕಿಂತ, ತಣ್ಣೀರಿಗಿಂತ, ಅಪ್ಪ ನನ್ನನ್ನು ಬಿಟ್ಟು ಅಲ್ಲಿಗೆ ಹೋಗಿ ಆರಾಮಾಗಿ ತಿಂದು ಬಂದದ್ದು ಹೆಚ್ಚು ಉರಿಯಿತು. ಖಾಲಾ ನನ್ನನ್ನು ಕೇಳಿರಬೇಕು. ಏನು ಹೇಳಿದನೋ.

ಎರಡು ವರ್ಷದ ಮೇಲೆ ಸೊಲ್ಲಾಪುರಕ್ಕೆ ವರ್ಗವಾಯಿತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ನನ್ನ ಮದುವೆಯಾಗಿ, ಮೊದಲ ಬಾಣಂತನಕ್ಕೆ ತವರಿಗೆ ಬಂದಾಗ, ಅವ್ವ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಏನೋ ಹಳೆಯ ಮಾತು ಬಂತು. ನಾನು ತಡೆಯಲಾರದೆ, "ಅವತ್ತ ಖಂಡ ತಿಂದದ್ದು ನಾ ಒಬ್ಬಾಕೆ ಅಲ್ಲಬೇ," ಅಂದುಬಿಟ್ಟೆ.

ಅವ್ವನ ಕೈ ನಿಲ್ಲಲಿಲ್ಲ. "ಗೊತ್ತೈತಿ ತಗಿ. ಅವರ ಅಂಗಿ ಒಗಿಯಾಕಿ ನಾ. ನೀ ಹುಟ್ಟೂಕಿಂತ ಮೊದಲಿಂದ ಗೊತ್ತೈತಿ."

"ಮತ್ತ ನನಗ ಹೊಡದೆಲ್ಲ?"

"ಮಾವಾರ ಮುಂದ ಅವರ ಮಾರಿ ಉಳೀಬೇಕಿತ್ತಲ್ಲವಾ. ನೀ ಸಣ್ಣಾಕಿ, ಮರೀತಿ ಅಂತ ತಿಳಕೊಂಡೆ."

ಅಂದರೆ ಆ ಅಂಗಳದಲ್ಲಿ ನಿಜ ಗೊತ್ತಿಲ್ಲದವನು ಅಜ್ಜ ಒಬ್ಬನೇ. ಉಳಿದ ಇಬ್ಬರು ದೊಡ್ಡವರು, ಮಾತೇ ಆಡದೆ, ನನ್ನನ್ನು ಕೊಟ್ಟು ತಮ್ಮ ಮಾನ ಉಳಿಸಿಕೊಂಡಿದ್ದರು. ಅವ್ವ ಜಡೆ ಹಾಕಿ ಮುಗಿಸಿ, ಬಾಚಣಿಕೆಯ ಕೂದಲು ಬಿಡಿಸುತ್ತ ಒಳಗೆ ಹೋದಳು.

ಕೆಲವು ವರ್ಷಗಳ ಹಿಂದೆ ನಾಗಪುರಕ್ಕೆ ಹೋಗಿದ್ದೆ. ಅಜನಿಯ ಮೇಲಿಂದ ಮೆಟ್ರೋ ಹೋಗುತ್ತದೆ, ನಮ್ಮ ಸಾಲಿನ ಕ್ವಾರ್ಟರ್ಸು ಕೆಡವಿದ್ದಾರೆ. ಸದರ್‌ನ ಆ ಗಲ್ಲಿಯಲ್ಲಿ ಖಾಲಾಳನ್ನು ಬಲ್ಲವರೂ ಸಿಗಲಿಲ್ಲ. ಆ ಅಂಗಡಿ ಹೋದದ್ದಕ್ಕೆ ನನಗೇನೂ ದೊಡ್ಡ ದುಃಖವಾಗಲಿಲ್ಲ. ಅಂಗಡಿಗಳು ಬರುತ್ತವೆ, ಹೋಗುತ್ತವೆ.

ಅಪ್ಪ ಕೆಟ್ಟವನಾಗಿರಲಿಲ್ಲ. ಓದಿಸಿದ, ಒಳ್ಳೆಯ ಕಡೆ ಮದುವೆ ಮಾಡಿದ, ಮೊಮ್ಮಕ್ಕಳನ್ನು ಎತ್ತಿ ಆಡಿಸಿದ. ಆದರೆ ಆ ಭಾನುವಾರದಿಂದ ಮುಂದೆ ನಾನು ಅವನಿಗೆ ನನ್ನದೆಂಬ ಒಂದು ಮಾತನ್ನೂ ಹೇಳಲಿಲ್ಲ. ಪಾಸಾದದ್ದು ಹೇಳಿದೆ, ನಪಾಸಾಗುವ ಭಯ ಹೇಳಲಿಲ್ಲ. ಗಂಡನ ಮನೆಯಲ್ಲಿ ಎಲ್ಲ ಬರೋಬರ್ ಐತಿ ಅಂದೆ, ಬರೋಬರ್ ಇಲ್ಲದಾಗಲೂ. ಅವನನ್ನು ನಂಬಿ ಹಂಚಿಕೊಂಡ ಗುಟ್ಟು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ಒಮ್ಮೆ ನೋಡಿದ್ದೆ.

ಕೊನೆಯ ಕಾಯಿಲೆಯಲ್ಲಿ ಸೊಲ್ಲಾಪುರದ ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತಿದ್ದೆ. ಮಧ್ಯಾಹ್ನ, ಕಿಟಕಿಯಿಂದ ಬಿಸಿಲು ಬರುತ್ತಿತ್ತು. ಅಪ್ಪ ನನ್ನ ಕೈ ಹಿಡಿದುಕೊಂಡ.

"ಏನರ ಮಾತಾಡ ಪುಷ್ಪವ್ವ. ಸುಮ್ಮ ಕುಂತೀ," ಅಂದ.

ನಾನು ರೈಲು ತಡವಾಗಿ ಬಂದದ್ದು ಹೇಳಿದೆ. ಊರಲ್ಲಿ ಬಿಸಿಲು ಹೆಚ್ಚಾದದ್ದು, ಪಕ್ಕದ ಮನೆಯವರು ಮಹಡಿ ಕಟ್ಟಿಸುತ್ತಿರುವುದು ಹೇಳಿದೆ. ಅವನು ಕೇಳುತ್ತಿದ್ದ, ಇನ್ನೇನೋ ಬರುತ್ತದೆ ಎಂದು ನನ್ನ ಮುಖವನ್ನೇ ನೋಡುತ್ತಿದ್ದ.

ಹೇಳಲು ಎಷ್ಟೋ ಇತ್ತು. ಹೇಳುವ ಅಭ್ಯಾಸ ಹೋಗಿಬಿಟ್ಟಿತ್ತು.