ಉಡಿ ತುಂಬಿದ ಕಲ್ಲು

ನೆರೆ ಬಂದಾಗ ಹೊಳೆ ಮುಟ್ಟುವ ಜಾಗದೊಳಗೆ ಯಾರೂ ಕಟ್ಟಡ ಕಟ್ಟುವಂತಿಲ್ಲ. ಹೊಸದಾಗಿ ನೌಕರಿಗೆ ಸೇರಿದ್ದ ನನಗೆ ಈ ನಿಯಮ ಬಾಯಿಪಾಠವಾಗಿತ್ತು. ಗಾಣಗಾಪುರಕ್ಕೆ ಹೋಗುವ ಯಾತ್ರಿಕರಿಗೆಂದು ಭೀಮಾ ದಂಡೆಯ ಮೇಲೆ ಎರಡು ಖೋಲಿ ಕಟ್ಟಿಸುತ್ತಿದ್ದ ಮುದುಕಿ ನೀಲಮ್ಮನ ಮುಂದೆ ನೋಟಿಸು ಹಿಡಿದು ನಿಂತೆ.

“ನೀರು ಎಲ್ಲಿತನಕ ಬರ್ತದಂತ ನಿಮಗೇನ್ ಗೊತ್ತರಿ ಸಾಹೇಬ್ರ? ನೆರಿ ಬಂದಾಗ ನೀರು ನಿಂತಲ್ಲೇ ನಮ್ಮತ್ತಿ ಹೊಳಿಗಿ ಉಡಿ ತುಂಬಿದ ಕಲ್ಲು ಅದ. ಬರ್ರಿ, ತೋರಸ್ತೇನಿ.”

ಮುದುಕಿ ಹೊಳೆಗೆ ಬೆನ್ನು ಹಾಕಿ ಊರೊಳಗೆ ನಡೆದಳು. ನನಗೋ ಕುಣಿಯುವಷ್ಟು ಖುಷಿ! ಆಕೆ ಮುಂದೆ ಹೋದಷ್ಟೂ ಆಕೆಯ ಖೋಲಿಗಳು ನೀರಿನೊಳಗೆ ಮುಳುಗುತ್ತಿದ್ದವಲ್ಲ! ಬೆನ್ನಿಗೇ ಓಡಿದೆ. ಅಂಗಡಿ ಸಾಲು ದಾಟಿದೆವು, ಬಾವಿ ದಾಟಿದೆವು, ನಮ್ಮ ಕಚೇರಿಯನ್ನೂ ದಾಟಿದೆವು. ಕಚೇರಿಯ ಹಿಂದಿನ ಬೇವಿನ ಬುಡದಲ್ಲಿ ಕುಂಕುಮ ಮೆತ್ತಿದ ಕಲ್ಲಿತ್ತು. ನಂಬಲಾರದೆ ಮುಟ್ಟಿ ನೋಡಿದೆ.

“ಈಗ ಹೇಳ್ರಿ, ಮೊದಲ ಯಾವುದು ಕೆಡವ್ತೀರಿ? ನಂದೋ, ನಿಮ್ದೋ?”

ನೆರೆಯ ಗುರುತು ಪತ್ತೆಯಾಗಲಿಲ್ಲ ಎಂದು ಅಂದೇ ವರದಿ ಬರೆದೆ. ಹಾಳೆಯ ಅಂಚಿಗೆ ಹತ್ತಿದ್ದ ಕುಂಕುಮ ನೋಡಿ ನಮ್ಮ ದೊಡ್ಡ ಸಾಹೇಬರು, “ಗುಡಿಗೂ ಹೋಗಿ ಬಂದ್ರೇನು?” ಎಂದರು.

“ಹೌದ್ರಿ,” ಎಂದೆ. “ಇಲ್ಲೇ ಹಿಂದ ಅದರಿ.”