ಜೊಂಡಿನ ದ್ವೀಪಕ್ಕೆ ಹೋದ ಅಡುಗೆಯ ನೀಲಾಂಬಿಕಾ

ಬೆಳಗಿನ ಐದೂವರೆ. ಪೆರು ದೇಶದ ಟಿಟಿಕಾಕಾ ಸರೋವರ, ಹನ್ನೆರಡೂವರೆ ಸಾವಿರ ಅಡಿ ಎತ್ತರ. ಜೊಂಡು ಪೇರಿಸಿ ಕಟ್ಟಿದ ತೇಲುವ ದ್ವೀಪದ ಮೇಲೆ ನೀಲಾಂಬಿಕಾ ಕುಕ್ಕರ್ ಇಡುತ್ತಿದ್ದಾರೆ. ನೆಲವೆಲ್ಲ ಒಣಜೊಂಡು, ಕಿಡಿ ಬಿದ್ದರೆ ಊರಿಗೆ ಊರೇ ಹೋದೀತು. ಹಾಗಾಗಿ ಒಲೆ ಚಪ್ಪಡಿ ಕಲ್ಲಿನ ಮೇಲಿದೆ. ಇದು ದ್ವೀಪದಲ್ಲಿ ತಂಗಲು ಜಾಗ ಕೊಟ್ಟ ಮನೆಯೊಡತಿ ಮಾರ್ಸೆಲಿನಾ ಹೇಳಿಕೊಟ್ಟ ಕ್ರಮ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಕೈಸನ್ನೆಯಲ್ಲೇ ಕೆಲಸ ಸಾಗುತ್ತದೆ.

“ಇಲ್ಲಿ ನೀರು ಲಗೂನ ಕುದೀತದರಿ, ಬ್ಯಾಳಿ ಮಾತ್ರ ಬೇಯಂಗಿಲ್ಲ. ಕುಕ್ಕರ್ ಇಲ್ದ ಏನೂ ನಡ್ಯಂಗಿಲ್ಲ,” ಎನ್ನುತ್ತಾರೆ ನೀಲಾಂಬಿಕಾ.

ಅರವತ್ತೊಂದರ ನೀಲಾಂಬಿಕಾ ಗದಗಿನವರು, ಇರುವುದು ಸಿಡ್ನಿಯ ಮಾರ್ಸ್ಡನ್ ಪಾರ್ಕ್‌ನಲ್ಲಿ. ಗೋದಾಮಿನಲ್ಲಿ ದುಡಿಯುತ್ತಿದ್ದ ಪತಿ ಸಿದ್ದಲಿಂಗಪ್ಪನವರ ಬೆನ್ನು ಕೈಕೊಟ್ಟಾಗ ಚೈಲ್ಡ್‌ಕೇರ್ ಒಂದರ ಅಡುಗೆಮನೆ ಸೇರಿದರು. ಇಂದಿಗೂ ವಾರಕ್ಕೆ ಐದು ದಿನ ತೊಂಬತ್ತು ಮಕ್ಕಳಿಗೆ ಅವರದೇ ಊಟ. ವರ್ಷಕ್ಕೊಮ್ಮೆ ರಜೆ ಹಾಕಿ, ಮೆಲ್ಬರ್ನ್ ಬಾಕ್ಸ್ ಹಿಲ್‌ನ ಭಾಸ್ಕರ ನಡೆಸುವ ಕನ್ನಡಿಗರ ಪ್ರವಾಸಕ್ಕೆ ಅಡುಗೆಗೆ ಹೋಗುತ್ತಾರೆ. ಕರಪತ್ರದಲ್ಲಿ ‘ಸಸ್ಯಾಹಾರದ ವ್ಯವಸ್ಥೆ ಇದೆ’ ಎಂಬ ಸಾಲಿದೆ, ಅವರ ಹೆಸರಿಲ್ಲ. ಕಳೆದ ಆಗಸ್ಟ್‌ನ ತಂಡದ ಇಪ್ಪತ್ತೆರಡು ಮಂದಿಯಲ್ಲಿ ನಾನೂ ಒಬ್ಬ.

ದ್ವೀಪದ ಆ ಬೆಳಿಗ್ಗೆ ನಮ್ಮ ತಂಡದ, ಸಿಡ್ನಿ ಎಪ್ಪಿಂಗ್‌ನ ಎಪ್ಪತ್ತರ ಹಿರಿಯಣ್ಣ ತೂರಾಡುತ್ತ ಬಂದರು. ಜೊಂಡಿನ ನೆಲ ಕಾಲಡಿ ಕುಸಿಯುವುದರಿಂದ ಅಲ್ಲಿ ಎಲ್ಲರ ನಡಿಗೆಯೂ ಹಾಗೆಯೇ, ನಾವು ನಕ್ಕೆವು. ನೀಲಾಂಬಿಕಾ ನಗಲಿಲ್ಲ. ಹಿರಿಯಣ್ಣ ಹಿಂದಿನ ಎರಡು ಹೊತ್ತು ಉಂಡಿರಲಿಲ್ಲ. ಈಗ ಕೂತಲ್ಲೂ ಲೋಟ ಹಿಡಿಯಲಾಗದೆ ಚಹಾ ಮೈಮೇಲೆ ಚೆಲ್ಲಿಕೊಂಡರು. ಮಗಳ ಹೆಸರು ಕೇಳಿದರೆ ತಡವರಿಸಿದರು.

“ಭಾಸ್ಕರ ಅವರ, ಬೋಟ್ ಕರಸ್ರಿ. ಈಗಿಂದೀಗ,” ಎಂದರು ನೀಲಾಂಬಿಕಾ.

“ರೆಸ್ಟ್ ಮಾಡಿದ್ರೆ ಸರಿಹೋಗ್ತಾರೆ ಆಂಟಿ. ಒಂಬತ್ತಕ್ಕೆ ಬೋಟ್ ಬುಕ್ ಆಗಿದೆ. ಇವತ್ತು ಇನ್ನೊಂದು ಐಲ್ಯಾಂಡ್ ಬೇರೆ ನೋಡ್ಬೇಕು.”

“ಒಂಬತ್ತರ ತನಕ ಕಾಯಾಕ ಆಗಂಗಿಲ್ಲ. ನೀವು ಕರಸ್ಲಿಲ್ಲಂದ್ರ ನಾನ ಕರಕೊಂಡು ಹೋಗ್ತೀನಿ.”

ಒಲೆ ಆರಿಸಿ ಎದ್ದೇಬಿಟ್ಟರು. ಹಿರಿಯಣ್ಣನವರನ್ನೂ ದಡವನ್ನೂ ತೋರಿಸಿದ್ದೇ ತಡ, ಮಾರ್ಸೆಲಿನಾ ಮೈದುನನ ಮೋಟಾರು ದೋಣಿ ತರಿಸಿದರು. ದಡದ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟು, ಆಂಬುಲೆನ್ಸ್‌ನಲ್ಲಿ ತಗ್ಗಿನ ಊರಿಗೆ ಇಳಿಸಿದರು. ಎತ್ತರದ ತೆಳು ಗಾಳಿಗೆ ಮಿದುಳು ಊದಿಕೊಳ್ಳುತ್ತಿತ್ತಂತೆ. ಇನ್ನು ತಡವಾಗಿದ್ದರೆ ಉಳಿಸುವುದು ಕಷ್ಟವಿತ್ತು ಎಂದರು ವೈದ್ಯರು. ದಾರಿಯುದ್ದಕ್ಕೂ ಹಿರಿಯಣ್ಣನವರ ಕೈ ಹಿಡಿದು ಕೂತಿದ್ದ ನೀಲಾಂಬಿಕಾ, ಅದನ್ನು ಕೇಳಿದ ಮೇಲೆಯೇ ಅತ್ತದ್ದು.

ಹಿರಿಯಣ್ಣ ಈಗ ಎಪ್ಪಿಂಗ್‌ನಲ್ಲಿ ಎಂದಿನಂತೆ ವಾಕಿಂಗ್ ಹೋಗುತ್ತಾರೆ. ಭಾಸ್ಕರ ಬದಲಾಗಿದ್ದಾರೆ. “ನಾನು ಗ್ರೂಪಿನ ತಲೆ ಎಣಿಸ್ತಿದ್ದೆ ಅಷ್ಟೆ. ಇನ್ಮೇಲೆ ಟೂರಲ್ಲಿ ದಿನಾ ಬೆಳಿಗ್ಗೆ ಆಂಟಿನ ಕೇಳದೆ ಯಾರನ್ನೂ ಬೋಟ್ ಹತ್ತಿಸಲ್ಲ,” ಎನ್ನುತ್ತಾರೆ.

ಹೊಗಳಿಕೆ ನೀಲಾಂಬಿಕಾಗೆ ಇರಿಸುಮುರಿಸು. “ನಾ ಡಾಕ್ಟರ್ ಅಲ್ರಿ. ಆದ್ರ ತಾಟಿನಾಗ ಅನ್ನ ಬಿಟ್ಟವ್ರು ಯಾರು ಅಂತ ಅಡಗಿಯಾಕಿಗೇ ಮೊದ್ಲು ತಿಳೀತದ.”

ಮತ್ತೆ ಆ ದ್ವೀಪಕ್ಕೆ ಹೋಗುವಿರಾ ಎಂದು ಕೇಳಿದೆ.

“ಹೋಗಬೇಕರಿ, ಒಂದ್ಸಲ ಕೈಯಾಗ ಸೌಟಿಲ್ದ. ಮಾರ್ಸೆಲಿನಾ ಆಲೂಗಡ್ಡಿ ಬೇಯಿಸಿ ನೀಡ್ಲಿ. ನಾ ಕುಂತು ಉಣ್ತೀನಿ.”